ಸ್ವಇಚ್ಛೆಯಿಂದ ತಂಡ ಬಿಟ್ಟವಳು

ಚಿಂಗ್‌ಶು, ಶಾನ್‌ಶಿ ಪ್ರಾಂತ್ಯ
೬ ನವೆಂಬರ್ ೨೦೧೪

ಪ್ರವಾಸ ತಂಡದ ಮುಖ್ಯಸ್ಥೆ ದುವಾನ್ ಯಾಚಿನ್ ಅವರಿಗೆ,

ನಾನು ಪಾಂಗ್ ದಲಿನ್. ಅಕ್ಟೋಬರ್ ತಿಂಗಳಲ್ಲಿ ನಿಮ್ಮ ತಂಡದ ಜೊತೆ ಥಾಯ್ಲೆಂಡಿಗೆ ಹೋಗಿ ಜೀವಂತ ಮರಳದ ಫಾನ್ ಗುಯಿಜೆನ್‌ಳ ಗಂಡ. ನಿಮ್ಮ ಫೋನಿಗೆ ಹನ್ನೊಂದು ಸಲ ಮಾಡಿದೆ. ಮೊದಲ ಮೂರು ಸಲ ಯಾವುದೋ ಹಾಡು ಕೇಳಿಸಿತು. ಆಮೇಲೆ ಅಂಥ ನಂಬರೇ ಇಲ್ಲ ಅಂದಿತು. ಅದಕ್ಕೇ ಕಂಪನಿಯ ಕುನ್‌ಮಿಂಗ್ ಕಚೇರಿಗೆ ಈ ಕಾಗದ ಹಾಕುತ್ತಿದ್ದೇನೆ. ಮೂವತ್ತೆಂಟು ವರ್ಷ ವಿನೆಗರ್ ಕಾರ್ಖಾನೆಯಲ್ಲಿ ಹಂಡೆ ಕಾಯ್ದವನು ನಾನು, ಕಾಯುವುದು ನನಗೆ ಹೊಸದಲ್ಲ.

ಅವಳ ಚಿತಾಭಸ್ಮ ಬಂದಿದೆ. ಪೆಟ್ಟಿಗೆ ಬಂದಿದೆ. ಪೆಟ್ಟಿಗೆಯ ಜೊತೆ ಒಂದು ಕಾಗದದ ನಕಲೂ ಬಂದಿದೆ. ಅದರಲ್ಲಿ ಹೀಗಿದೆ: ‘ಪ್ರವಾಸಿ ಫಾನ್ ಗುಯಿಜೆನ್ ಆದ ನಾನು ವೈಯಕ್ತಿಕ ಕಾರಣಗಳಿಂದ ಇಂದು, ಅಕ್ಟೋಬರ್ ೧೭ರಂದು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸ್ವಇಚ್ಛೆಯಿಂದ ತಂಡವನ್ನು ಬಿಡುತ್ತಿದ್ದೇನೆ. ಮುಂದಿನ ಪರಿಣಾಮಗಳಿಗೆ ನಾನೇ ಹೊಣೆ.’ ಕೆಳಗೆ ಸಹಿ. ಸಹಿ ಅವಳದ್ದೇ. ಮದುವೆಯಾದ ವರ್ಷ ನಾನೇ ಕೂರಿಸಿಕೊಂಡು ಕಲಿಸಿದ ಮೂರು ಅಕ್ಷರ, ಗುರುತು ಹಿಡಿಯದೆ ಇರುತ್ತೇನೆಯೇ?

ಹತ್ತು ಐವತ್ತಕ್ಕೆ ಪಟ್ಟಾಯದ ರಸ್ತೆಯಲ್ಲಿ ಗಾಡಿ ಹೊಡೆದದ್ದು ಎಂದು ಪೊಲೀಸರ ವರದಿ ಹೇಳುತ್ತದೆ. ಅಲ್ಲಿ ವಾಹನಗಳು ನಮ್ಮಲ್ಲಿಯ ಹಾಗೆ ಬಲಬದಿಯಲ್ಲಲ್ಲ, ರಸ್ತೆಯ ಎಡಬದಿಯಲ್ಲಿ ಓಡುತ್ತವಂತೆ. ಅರವತ್ತೆರಡು ವರ್ಷದ ಬದುಕಿನಲ್ಲಿ ಯಾವಾಗಲೂ ಎಡಕ್ಕೆ ನೋಡಿ ರಸ್ತೆ ದಾಟಿದವಳು ಅಲ್ಲೂ ಎಡಕ್ಕೇ ನೋಡಿರಬೇಕು. ಅದು ನನಗೆ ಅರ್ಥವಾಗುತ್ತದೆ. ಹತ್ತು ಇಪ್ಪತ್ತರ ಮಾತು ಮಾತ್ರ ಅರ್ಥವಾಗುವುದಿಲ್ಲ. ಪಕ್ಕದ ಪೇಟೆಗೆ ಹೋಗಲೂ ನನ್ನ ತೋಳು ಹಿಡಿಯುತ್ತಿದ್ದವಳು ಭಾಷೆ ಬಾರದ ಊರಲ್ಲಿ ತಾನಾಗಿ ತಂಡ ಬಿಟ್ಟಳೇ? ಯಾಕೆ ಬಿಟ್ಟಳು?

ಪ್ರವಾಸ ಮುಗಿದ ತೊಂಬತ್ತು ದಿನದೊಳಗೆ ದೂರು ಕೊಡಬೇಕು ಎಂದು ತೈಯುವಾನ್‌ನ ಪ್ರವಾಸೋದ್ಯಮ ಕಚೇರಿಯವರು ಹೇಳಿದ್ದಾರೆ. ಅಂದರೆ ಜನವರಿ ಹದಿನೆಂಟರ ತನಕ. ದೂರು ಕೊಡಲೇಬೇಕೆಂಬ ಹಟ ನನಗಿಲ್ಲ. ಅವಳೇ ಹೋದಳೋ ಇಲ್ಲವೋ, ಅದೊಂದು ತಿಳಿಯಬೇಕು. ಅಲ್ಲಿದ್ದವರು ನೀವು.

ಪಾಂಗ್ ದಲಿನ್


ಕುನ್‌ಮಿಂಗ್
೨೧ ನವೆಂಬರ್ ೨೦೧೪

ಮಾನ್ಯ ಪಾಂಗ್ ದಲಿನ್ ಅವರಿಗೆ,

ತಮ್ಮ ಪತ್ರ ತಲುಪಿದೆ. ತಮ್ಮ ಕುಟುಂಬಕ್ಕೆ ಒದಗಿದ ದುಃಖದಲ್ಲಿ ನಮ್ಮ ಕಂಪನಿಯೂ ನಾನೂ ಭಾಗಿಗಳಾಗಿದ್ದೇವೆ. ಪ್ರವಾಸದ ಮೂರನೆಯ ದಿನ ಪ್ರವಾಸಿ ಫಾನ್ ಅವರು ತಂಡದ ಕಾರ್ಯಕ್ರಮದಲ್ಲಿ ಭಾಗವಹಿಸಲು ಇಚ್ಛಿಸದೆ, ಲಿಖಿತ ಹೇಳಿಕೆ ನೀಡಿ, ತಂಡದಿಂದ ಹೊರಟರು. ಒಪ್ಪಂದದ ಪ್ರಕಾರ ಸುರಕ್ಷತೆಯ ಎಲ್ಲ ಎಚ್ಚರಿಕೆಗಳನ್ನೂ ಅವರಿಗೆ ಮೊದಲೇ ನೀಡಲಾಗಿತ್ತು. ಹೆಚ್ಚಿನ ವಿವರಗಳಿಗೆ ಕಂಪನಿಯ ಗ್ರಾಹಕ ವಿಭಾಗವನ್ನು ಸಂಪರ್ಕಿಸಬೇಕಾಗಿ ವಿನಂತಿ.

ದುವಾನ್ ಯಾಚಿನ್
ತಂಡದ ಮುಖ್ಯಸ್ಥೆ

ಪಾಂಗ್ ದೊಡ್ಡಪ್ಪ, ಮೇಲಿನದನ್ನು ಕಚೇರಿಯವರು ಓದಿ ಒಪ್ಪಿದ್ದಾರೆ. ಈ ಸಾಲು ಲಕೋಟೆ ಅಂಟಿಸುವ ಮೊದಲು ಸೇರಿಸುತ್ತಿದ್ದೇನೆ. ಈ ವಿಷಯ ಫೋನಿನಲ್ಲಿ ಯಾರೊಂದಿಗೂ ಮಾತಾಡಬಾರದು ಎಂದು ನನ್ನ ನಂಬರ್ ಬದಲಾಯಿಸಿಬಿಟ್ಟಿದ್ದಾರೆ. ಬರೆಯುವುದಿದ್ದರೆ ಲಕೋಟೆಯ ಹಿಂದಿರುವ ನನ್ನ ಬಾಡಿಗೆ ಕೋಣೆಯ ವಿಳಾಸಕ್ಕೆ ಬರೆಯಿರಿ.


ಚಿಂಗ್‌ಶು
೩೦ ನವೆಂಬರ್ ೨೦೧೪

ದುವಾನ್ ಮಗಳೇ,

ದೊಡ್ಡಪ್ಪ ಎಂದು ಕರೆದಿದ್ದೀಯ, ಅದಕ್ಕೇ ನಾನೂ ‘ನೀನು’ ಎನ್ನುತ್ತೇನೆ. ನಿನ್ನ ಕಾಗದದ ಮೇಲರ್ಧ ಓದಿ ನನ್ನ ಮೈಯುರಿಯಿತು. ‘ಭಾಗವಹಿಸಲು ಇಚ್ಛಿಸದೆ’ ಅಂತೆ! ಗುಯಿಜೆನ್ ಬದುಕಿದ್ದರೆ, ‘ಇದೇನು ಮನುಷ್ಯರು ಬರೆದದ್ದಾ, ಔಷಧಿ ಡಬ್ಬಿಯ ಚೀಟೀನಾ?’ ಎಂದು ಕೇಳುತ್ತಿದ್ದಳು. ಕೆಳಗಿನ ನಾಲ್ಕು ಸಾಲು ಓದಿದ ಮೇಲೆ ಸಿಟ್ಟು ಇಳಿಯಿತು. ನೀನೂ ಹೊಟ್ಟೆಪಾಡಿಗೆ ದುಡಿಯುವವಳು.

ಇನ್ನೊಂದು ವಿಷಯ ಗೊತ್ತಾಯಿತು. ಆ ಹೇಳಿಕೆಯ ನಕಲನ್ನೂ ನಿನ್ನ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಕೈಬರಹ. ಹೇಳಿಕೆ ಬರೆದವಳು ನೀನೇ. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರೇನೋ. ನನಗೆ ಸಮಾಧಾನವೇ ಆಯಿತು. ಅವಳಿಗೆ ತನ್ನ ಹೆಸರು, ನನ್ನ ಹೆಸರು, ಎಲೆಕೋಸು, ಹಿಟ್ಟು, ಇಷ್ಟು ಬಿಟ್ಟರೆ ಹೆಚ್ಚು ಬರೆಯಲು ಬರುತ್ತಿರಲಿಲ್ಲ. ಅವಳು ಬಾಯಲ್ಲಿ ಹೇಳಿದಳು, ನೀನು ಪಾಪ ಬರೆದುಕೊಟ್ಟೆ. ಉಪಕಾರವಾಯಿತು. ‘ಸ್ವಇಚ್ಛೆ’ ಎಂಬ ಮಾತು ಅವಳ ಬಾಯಿಂದ ಹೇಗೆ ಬಂತು ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

ಈಗ ನನ್ನ ವಿಷಯ ಹೇಳುತ್ತೇನೆ. ಮಗಳು ಮಿನ್‌ಗೆ ಕೂಡ ಹೇಳಿಲ್ಲ. ಪ್ರವಾಸದ ಟಿಕೆಟ್ಟು ಮಿನ್ ನಮ್ಮಿಬ್ಬರಿಗೂ ಕೊಂಡಿದ್ದಳು. ನಾನು ವಿಮಾನ ಹತ್ತುವುದಿಲ್ಲ ಎಂದು ಕೂತುಬಿಟ್ಟೆ. ಹೆದರಿಕೆ. ಹೆದರಿಕೆ ಎಂದು ಒಪ್ಪಿಕೊಳ್ಳದೆ, ‘ಅಗ್ಗದ ಪ್ರವಾಸ, ಮೂರು ಕಾಸಿನ ಊಟ, ನೀನೇ ಹೋಗು’ ಎಂದು ಮೂದಲಿಸಿದೆ. ಹೊರಡುವ ಬೆಳಿಗ್ಗೆ ಜಗಳ ಹತ್ತಿಕೊಂಡಿತು.

‘ಹೋಗು, ಹೋಗು. ಬೇಕಾದ್ರೆ ಅಲ್ಲೇ ಇದ್ಬಿಡು,’ ಎಂದೆ.

‘ಇದ್ಬಿಡ್ತೀನಿ ನೋಡ್ತಿರು. ನಿನ್ನ ಬಟ್ಟಲು ನೀನೇ ತೊಳ್ಕೋ,’ ಎಂದಳು.

ನಾನು ಬಸ್ಸಿನ ತನಕವೂ ಹೋಗಲಿಲ್ಲ. ಕಿಟಕಿಯಿಂದ ನೋಡಿದೆ. ಕೆಂಪು ಪೆಟ್ಟಿಗೆ ಎಳೆದುಕೊಂಡು ಹಿಂದಿರುಗಿ ನೋಡದೆ ಹೋದಳು. ಅಂಥವಳು ಅಲ್ಲಿ ತಾನಾಗಿ ತಂಡ ಬಿಟ್ಟಳು ಎಂದರೆ ಅದಕ್ಕೆ ಅರ್ಥ ಏನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಹಿಡಿದುಕೊಂಡು ಹೋದಳೇ? ಕಾರ್ಖಾನೆಯ ವಸತಿಯ ಹೆಂಗಸರು ನಾನು ಮೆಟ್ಟಿಲು ಇಳಿದರೆ ಮಾತು ನಿಲ್ಲಿಸುತ್ತಾರೆ. ‘ಗಂಡನ ಕಾಟಕ್ಕೆ ಎಲ್ಲೋ ಹೊರಟುಬಿಟ್ಟಿದ್ದಳಂತೆ’ ಎಂಬುದು ಅವರ ತೀರ್ಮಾನ. ಮಿನ್ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನನ್ನ ಮುಖ ನೋಡಿ ಮಾತಾಡಿ ತಿಂಗಳಾಯಿತು.

ಬರುವ ಗುರುವಾರ ಅವಳು ತೀರಿಹೋದ ನಲವತ್ತೊಂಬತ್ತನೆಯ ದಿನ. ಪೂಜೆಯ ಹಣದ ಕಾಗದ ಸುಟ್ಟು, ಅನ್ನ ಇಟ್ಟು ಅವಳ ಆತ್ಮವನ್ನು ಕಳಿಸಿಕೊಡಬೇಕು. ಕಡೆಯ ದಿನ ಅವಳು ಏನು ಮಾತಾಡಿದಳು, ನನ್ನ ಹೆಸರು ಎತ್ತಿದಳೇ ಎಂದು ಬರೆ. ನಯಮಾಡಿ ಬರೆಯಬೇಡ. ಹುಳಿ ಕುಡಿದು ಬೆಳೆದವನು ನಾನು, ತಡೆಯುತ್ತೇನೆ.

ಪಾಂಗ್ ದಲಿನ್


ಚಿಯಾಂಗ್‌ಮಾಯ್, ಥಾಯ್ಲೆಂಡಿನ ಹೋಟೆಲಿನಿಂದ
೧೩ ಡಿಸೆಂಬರ್ ೨೦೧೪

ಪಾಂಗ್ ದೊಡ್ಡಪ್ಪನವರಿಗೆ,

ನಲವತ್ತೊಂಬತ್ತನೆಯ ದಿನದೊಳಗೆ ಉತ್ತರ ಮುಟ್ಟಿಸಲಾಗಲಿಲ್ಲ, ಕ್ಷಮಿಸಿ. ಒಂದು ತಂಡ ಇಳಿಸಿದ ದಿನವೇ ಇನ್ನೊಂದು ತಂಡ ಹತ್ತಿಸಿದರು. ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದೆ.

ದೊಡ್ಡಮ್ಮ ತಂಡದಲ್ಲಿ ಎಲ್ಲರಿಗೂ ಬೇಕಾದವರಾಗಿದ್ದರು. ಚೀಲದಲ್ಲಿ ಊರಿನ ವಿನೆಗರ್ ಬಾಟಲಿ ಇಟ್ಟುಕೊಂಡು ಬಂದಿದ್ದರು. ಮೊದಲ ದಿನದ ಊಟದಲ್ಲಿ ಹತ್ತು ಜನರ ಮೇಜಿಗೆ ತಾವೇ ಬಡಿಸಿದರು. ‘ಇದು ಹಾಕ್ಕೊಂಡ್ರೆ ಚಪ್ಪಲಿ ಕೂಡ ರುಚಿಯಾಗತ್ತೆ, ತಿನ್ನಿ’ ಎಂದರು. ನಾನೂ ಹಾಕಿಸಿಕೊಂಡೆ. ಆನೆ ನೋಡಿ, ‘ಅಯ್ಯೋ, ಎಷ್ಟು ಸುಕ್ಕು, ಥೇಟ್ ನಮ್ಮ ಮುದುಕನೇ’ ಎಂದು ಎಲ್ಲರನ್ನೂ ನಗಿಸಿದರು. ನಿಮ್ಮ ಹೆಸರು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಒಬ್ಬನೇ ಏನು ಬೇಯಿಸಿಕೊಂಡು ತಿನ್ನುತ್ತಿದ್ದಾನೋ ಎಂದು ನನ್ನ ಎದುರೇ ಎರಡು ಸಲ ಅಂದಿದ್ದರು. ಸಿಟ್ಟು ಇಟ್ಟುಕೊಂಡವರು ಹಾಗೆ ಹೇಳುವುದಿಲ್ಲ.

ಆ ಬೆಳಿಗ್ಗೆ ಆಭರಣದ ಅಂಗಡಿಗೆ ಹೋಗುವುದಿತ್ತು. ಅವರಿಗೆ ಅಂಗಡಿ ಬೇಡವಾಗಿತ್ತು. ‘ಸ್ವಲ್ಪ ಹೊತ್ತು ಒಬ್ಬಳೇ ನಡೀತೀನಮ್ಮ, ಸಮುದ್ರ ನೋಡ್ಕೊಂಡು ಹೋಟೆಲಿಗೆ ಹೋಗ್ತೀನಿ’ ಎಂದರು. ನಿಯಮದ ಪ್ರಕಾರ ಹೇಳಿಕೆ ಬೇಕು ಎಂದೆ, ಬರೆದೆ, ಸಹಿ ಹಾಕಿದರು. ನಗುತ್ತಾ ಇಳಿದು ಹೋದರು. ನಾನು ತಡೆಯಬೇಕಿತ್ತು. ತಡೆಯಲಿಲ್ಲ ಎಂಬುದೇ ನನ್ನನ್ನು ತಿನ್ನುತ್ತಿದೆ.

ಕಂಪನಿ ನನ್ನ ಮೇಲೆ ವಿಚಾರಣೆ ಇಟ್ಟಿದೆ. ದೂರು ದಾಖಲಾದರೆ ನನ್ನ ಮುಖ್ಯಸ್ಥೆಯ ಗುರುತುಚೀಟಿ ಕಿತ್ತುಕೊಳ್ಳುತ್ತಾರೆ. ನನಗೆ ಐದು ವರ್ಷದ ಮಗಳಿದ್ದಾಳೆ. ದಾಲಿಯಲ್ಲಿ ನನ್ನ ತಾಯಿಯ ಹತ್ತಿರ ಬೆಳೆಯುತ್ತಿದ್ದಾಳೆ. ಇದನ್ನು ನಿಮ್ಮ ಮನಸ್ಸು ಕರಗಿಸಲು ಬರೆಯುತ್ತಿಲ್ಲ. ನಿಮ್ಮ ಹತ್ತಿರ ಏನೂ ಮುಚ್ಚಿಡಬಾರದು ಎಂದು ಬರೆದೆ.

ಯಾಚಿನ್


ಚಿಂಗ್‌ಶು
೨೪ ಡಿಸೆಂಬರ್ ೨೦೧೪

ಯಾಚಿನ್ ಮಗಳೇ,

ನಿನ್ನ ಕಾಗದ ಮೂರು ದಿನದಿಂದ ಅಂಗಿಯ ಜೇಬಿನಲ್ಲೇ ಇದೆ. ಚಪ್ಪಲಿಯ ಮಾತು ಅವಳದ್ದೇ, ಬೇರೆ ಯಾರ ಬಾಯಲ್ಲೂ ಹುಟ್ಟುವುದಿಲ್ಲ. ಆನೆಯ ಮಾತಿಗೆ ನಾನು ನಕ್ಕೆ. ಅವಳು ಹೋದ ಮೇಲೆ ನಕ್ಕದ್ದು ಅದೇ ಮೊದಲು. ಆಮೇಲೆ ಅಳು ಬಂತು, ತುಂಬ ಹೊತ್ತು ಅತ್ತೆ. ನಾಚಿಕೆ ಏನೂ ಇಲ್ಲ.

ಇಲ್ಲಿ ಚಳಿ ಬಿದ್ದಿದೆ. ಕಾರ್ಖಾನೆಯಲ್ಲಿ ಹಂಡೆಗಳ ಮೇಲಿನ ಮಂಜುಗಡ್ಡೆ ತೆಗೆಯುವ ಕೆಲಸ ಶುರುವಾಗಿದೆ. ನೀರು ಗಟ್ಟಿಯಾಗಿ ಮೇಲೆ ನಿಲ್ಲುತ್ತದೆ, ಅದನ್ನು ಎತ್ತಿ ಎಸೆದರೆ ಕೆಳಗೆ ಉಳಿಯುವುದು ಅಸಲು ವಿನೆಗರ್. ಹಳಬ ಎಂದು ನನ್ನನ್ನೂ ಕರೆದರು. ಎರಡು ದಿನ ಹೋದೆ, ಮೂರನೆಯ ದಿನ ಕೈ ಏಳಲಿಲ್ಲ.

ಕಂಪನಿಯ ಒಬ್ಬ ಮನುಷ್ಯ ಸೇಬಿನ ಬುಟ್ಟಿ ಹಿಡಿದುಕೊಂಡು ಬಂದಿದ್ದ. ಒಪ್ಪಂದದ ಕಾಗದ ತಂದಿದ್ದ. ಅವಳು ತಾನಾಗಿ ತಂಡ ಬಿಟ್ಟದ್ದು ನನಗೂ ಒಪ್ಪಿಗೆ, ದೂರು ಕೊಡುವುದಿಲ್ಲ ಎಂದು ಬರೆದುಕೊಟ್ಟರೆ ಸಾಂತ್ವನದ ಹಣ ಕೊಡುತ್ತಾರಂತೆ. ಮಿನ್ ಬುಟ್ಟಿಯನ್ನು ಬಾಗಿಲಾಚೆ ಇಟ್ಟಳು. ‘ದೂರು ಕೊಡೋಣ ಅಪ್ಪ. ಅಮ್ಮ ಒಬ್ಬಳೇ ಹೋಗೋ ಪೈಕಿ ಅಲ್ಲ. ಅವಳಿಗೆ ಲಿಫ್ಟ್ ಹತ್ತಕ್ಕೂ ಭಯ,’ ಎಂದಳು. ಎರಡು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಉದ್ದದ ಮಾತು ಅದು. ನಿನ್ನ ಕಾಗದದ ವಿಷಯ ನಾನು ಅವಳಿಗೆ ಹೇಳಲಿಲ್ಲ. ಹೇಳಿದರೆ ಆ ಜಗಳದ ಕತೆಯೂ ಹೊರಗೆ ಬರುತ್ತದೆ.

ಒಂದೇ ಒಂದು ಕಲ್ಲು ಗಂಟಲಲ್ಲಿ ಸಿಕ್ಕಿಕೊಂಡಿದೆ. ನಗುತ್ತಾ ಹೋದಳು ಎಂದೆಯಲ್ಲ. ಅವಳು ಹೊಸಬರ ಎದುರು ಹಲ್ಲು ಬಿಟ್ಟು ನಗುತ್ತಿರಲಿಲ್ಲ, ಮುಂದಿನ ಹಲ್ಲು ಮುರಿದಿತ್ತು. ಇರಲಿ, ಮೂರು ದಿನದಲ್ಲಿ ಸಲುಗೆ ಬೆಳೆದಿರಬಹುದು. ಆದರೂ ಕೇಳುತ್ತೇನೆ. ಅವಳೇ ಹೋದದ್ದು ಖಂಡಿತವೇ? ಹೌದಾದರೆ ಒಂದು ಸಾಲು ಬರೆ, ಸಾಕು. ದೂರಿನ ಮಾತು ಅಲ್ಲಿಗೆ ಬಿಡುತ್ತೇನೆ. ನಿನ್ನ ಮಾತೇ ನನಗೆ ಪ್ರಮಾಣ.

ಪಾಂಗ್ ದೊಡ್ಡಪ್ಪ


ಕುನ್‌ಮಿಂಗ್
೨ ಜನವರಿ ೨೦೧೫

ಹೌದು ದೊಡ್ಡಪ್ಪ. ಅವರೇ ಹೋದರು.

ಯಾಚಿನ್


ಚಿಂಗ್‌ಶು
೧೦ ಜನವರಿ ೨೦೧೫

ಯಾಚಿನ್ ಮಗಳೇ,

ನಿನ್ನ ಒಂದು ಸಾಲು ಏಳನೆಯ ತಾರೀಖು ಬಂತು. ನಿನ್ನೆ ತೈಯುವಾನ್‌ಗೆ ಹೋಗಿ ಕೆಲಸ ಮುಗಿಸಿ ಬಂದೆ. ಮಿನ್‌ಗೆ ಹೇಳದೆ ಹೋದೆ.

ಅಲ್ಲಿನ ಕಂಪನಿಯ ಕಚೇರಿ ಬೆಚ್ಚಗಿತ್ತು. ಚಹಾ ಕೊಟ್ಟರು. ಕಾಗದ ಮುಂದಿಟ್ಟು, ‘ನಿಧಾನವಾಗಿ ಓದಿ, ಏನೂ ಅವಸರವಿಲ್ಲ’ ಎಂದರು. ಓದಿದೆ. ನನ್ನ ಹೆಂಡತಿ ಸ್ವಇಚ್ಛೆಯಿಂದ ತಂಡ ಬಿಟ್ಟಳೆಂದು ನನಗೆ ಮನವರಿಕೆಯಾಗಿದೆ, ಮುಂದೆ ಯಾವ ಕಚೇರಿಯಲ್ಲೂ ದೂರು ಕೊಡುವುದಿಲ್ಲ ಎಂದಿತ್ತು. ಅದರ ಕೆಳಗೆ ಒಂದು ಸಾಲು ನಾನೇ ಸೇರಿಸಿದೆ. ‘ತಂಡದ ಮುಖ್ಯಸ್ಥೆ ದುವಾನ್ ಅವರದು ಯಾವ ತಪ್ಪೂ ಇಲ್ಲ, ಅವರ ಕೆಲಸಕ್ಕೆ ತೊಂದರೆ ಮಾಡಬಾರದು.’ ಸೇಬಿನ ಬುಟ್ಟಿಯ ಆ ಮನುಷ್ಯ, ‘ಓಹೋ, ಬರೀರಿ ಬರೀರಿ, ಅದಕ್ಕೇನಂತೆ’ ಎಂದ. ಹಣ ಬೇಡ ಎಂದದ್ದಕ್ಕೆ ಮಾತ್ರ ಅವನಿಗೆ ಗಲಿಬಿಲಿಯಾಯಿತು. ಯಾರನ್ನೋ ಫೋನಿನಲ್ಲಿ ಕೇಳಿ, ಅದಕ್ಕೂ ಒಂದು ಸಹಿ ಹಾಕಿಸಿಕೊಂಡ.

ನಿನ್ನ ಮಗಳು ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾಳೆ ಎಂದು ನೀನು ಬರೆದಿದ್ದೆ. ಒಂದು ಮನೆ ಹಾಳಾದದ್ದು ಸಾಕು, ಇನ್ನೊಂದು ಮನೆಯ ಒಲೆ ಯಾಕೆ ಆರಬೇಕು? ತಪ್ಪು ನನ್ನದು. ನಾನು ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ, ಇಲ್ಲ, ಪೆಟ್ಟಿಗೆ ಹಿಡಿದುಕೊಂಡು ಜೊತೆಗೆ ಹೋಗಿದ್ದರೆ, ಅವಳು ಸಮುದ್ರ ನೋಡಲು ಒಬ್ಬಳೇ ನಡೆಯುತ್ತಿರಲಿಲ್ಲ. ಈಗ ಅದನ್ನು ಒಪ್ಪಿಕೊಂಡು ಕೂರುವುದೊಂದೇ ಉಳಿದಿರುವುದು. ವಸತಿಯ ಹೆಂಗಸರ ಮುಂದೆಯೂ ಇನ್ನು ತಲೆ ಎತ್ತುವುದಿಲ್ಲ. ಅವರು ಹೇಳಿದ್ದೇ ಸರಿಯಾಯಿತಲ್ಲ.

ನೀನು ಹೆದರಬೇಡ. ನಿದ್ದೆ ಮಾಡು.

ಪಾಂಗ್ ದೊಡ್ಡಪ್ಪ


ಕುನ್‌ಮಿಂಗ್
೧೧ ಜನವರಿ ೨೦೧೫

ಪಾಂಗ್ ದೊಡ್ಡಪ್ಪನವರಿಗೆ,

ದೂರು ಕೊಡಲು ಹದಿನೆಂಟರ ತನಕ ಸಮಯವಿದೆ. ಈ ಕಾಗದವನ್ನು ಶೀಘ್ರ ಅಂಚೆಯಲ್ಲಿ ಹಾಕುತ್ತಿದ್ದೇನೆ. ಓದಿದ ತಕ್ಷಣ ಇದನ್ನೇ ಹಿಡಿದುಕೊಂಡು ತೈಯುವಾನ್‌ನ ಪ್ರವಾಸೋದ್ಯಮ ಕಚೇರಿಗೆ ಹೋಗಿ. ಕೊನೆಯಲ್ಲಿ ನನ್ನ ಸಹಿ, ಹೆಬ್ಬೆರಳ ಗುರುತು, ಗುರುತುಚೀಟಿಯ ನಂಬರ್ ಇದೆ.

ದೊಡ್ಡಮ್ಮ ತಾವಾಗಿ ಹೋಗಲಿಲ್ಲ. ನಾನು ಇಳಿಸಿದೆ.

ನಮ್ಮ ಕೆಲಸ ನಡೆಯುವುದು ಹೀಗೆ. ಅಷ್ಟು ಅಗ್ಗಕ್ಕೆ ಯಾರೂ ಥಾಯ್ಲೆಂಡ್ ತೋರಿಸಲಾರರು. ಕಂಪನಿ ಒಂದೊಂದು ತಲೆಗೆ ಇಷ್ಟು ಹಣ ಎಂದು ಮೊದಲು ನಮ್ಮಿಂದಲೇ ಕಕ್ಕಿಸುತ್ತದೆ. ಪ್ರವಾಸಿಗಳು ಅಂಗಡಿಯಲ್ಲಿ ಕೊಂಡರೆ ಅಂಗಡಿಯವರ ಕಮಿಷನ್ನಿನಲ್ಲಿ ಅದು ನಮಗೆ ಹಿಂದಿರುಗುತ್ತದೆ, ಕೊಳ್ಳದಿದ್ದರೆ ಮುಳುಗಿದೆವು. ಹಾಗೆ ಅಂಗಡಿಗೆ ನುಗ್ಗಿಸಬಾರದು ಎಂದು ಈಗ ಕಾನೂನು ಬಂದಿದೆ. ಪ್ರವಾಸಿಗಳೇ ಬಯಸಿ ಬರೆದುಕೊಟ್ಟರೆ ಮಾತ್ರ ಹೋಗಬಹುದು. ಹಾಗಾಗಿ ನಾವು ಬಸ್ಸಿನಲ್ಲೇ ಬರೆಸಿಕೊಳ್ಳುತ್ತೇವೆ. ‘ಈ ಅಂಗಡಿಗಳಿಗೆ ಕರೆದುಕೊಂಡು ಹೋಗಿ ಎಂದು ನಾವೇ ಕೇಳಿಕೊಂಡಿದ್ದೇವೆ’ ಎಂಬ ಹಾಳೆ ಸೀಟಿನಿಂದ ಸೀಟಿಗೆ ಹೋಗುತ್ತದೆ, ಎಲ್ಲರೂ ಸಹಿ ಹಾಕುತ್ತಾರೆ. ಜಗಳ ಯಾರಿಗೆ ಬೇಕು?

ಆ ದಿನ ಇಪ್ಪತ್ತೆಂಟು ಜನರಲ್ಲಿ ಇಪ್ಪತ್ತೇಳು ಸಹಿ ಆಯಿತು. ದೊಡ್ಡಮ್ಮ ಹಾಳೆಯನ್ನು ಪಕ್ಕದವರಿಂದ ಓದಿಸಿಕೊಂಡರು. ಆಮೇಲೆ ಎದ್ದು ನಿಂತು, ‘ನಾನು ಹಾಕಲ್ಲ. ನಮ್ಮ ಮುದುಕ ಪೇಪರ್ ಓದಿ ಹೇಳಿದಾನೆ. ಮೂವತ್ತೈದನೇ ಕಲಮು. ನಮ್ಮನ್ನ ಅಂಗಡಿಗೆ ನೂಕೋ ಹಾಗಿಲ್ಲ. ನಾವೇ ಕೇಳ್ಕೊಂಡ್ವಿ ಅಂತ ಸುಳ್ಳಿಗೆ ಯಾಕೆ ಸಹಿ ಹಾಕ್ಲಿ?’ ಎಂದರು.

ನಾನು ಬಸ್ಸಿನ ತಂಪು ಯಂತ್ರ ಆರಿಸಲು ಹೇಳಿದೆ. ಅದೂ ನಮ್ಮ ಪದ್ಧತಿಯೇ. ಹತ್ತು ನಿಮಿಷದಲ್ಲಿ ಉಳಿದವರು ಅವರ ಮೇಲೆ ತಿರುಗಿಬಿದ್ದರು. ‘ಅಜ್ಜಿ, ಒಂದು ಗೀಟು ಎಳೀರಿ, ಬೆಂದುಹೋಗ್ತಿದೀವಿ’, ‘ಕಾನೂನು ಮಾತಾಡೋರು ಮನೇಲಿರ್ಬೇಕಿತ್ತು’ ಎಂದೆಲ್ಲ ಕೂಗಿದರು. ಮೊದಲ ದಿನ ಅವರ ಕೈಯಿಂದ ವಿನೆಗರ್ ಹಾಕಿಸಿಕೊಂಡವರೇ ಅವರೆಲ್ಲ. ದೊಡ್ಡಮ್ಮನ ಮುಖ ಕೆಂಪಾಗಿತ್ತು. ‘ನಮ್ಮ ಮುದುಕ ಸುಳ್ಳು ಹೇಳಲ್ಲ’ ಎಂದು ಮತ್ತೆ ಮತ್ತೆ ಹೇಳಿದರು.

‘ಹಾಗಾದ್ರೆ ಇಳೀರಿ. ನಿಮ್ಮ ಮುದುಕನ್ನೇ ಕರೆಸ್ಕೊಂಡು ಊರು ನೋಡಿ,’ ಎಂದೆ ನಾನು.

ಇಳಿಯುವಾಗ, ‘ಹೋಟೆಲ್ ಯಾವ ಕಡೆಗಮ್ಮ?’ ಎಂದು ಕೇಳಿದರು. ನಾನು ಹೇಳಲಿಲ್ಲ. ಬಾಗಿಲು ಹಾಕಿಸಿದೆ. ಹೆದರಿ ಐದು ನಿಮಿಷದಲ್ಲಿ ವಾಪಸು ಬರುತ್ತಾರೆ ಎಂದುಕೊಂಡೆ, ಎಲ್ಲರೂ ಹಾಗೇ ಬರುತ್ತಾರೆ. ಅವರು ನಗಲಿಲ್ಲ. ಸಮುದ್ರದ ಮಾತು ಆಡಲಿಲ್ಲ. ಅದು ನಾನು ಕಟ್ಟಿದ ಸುಳ್ಳು. ಚಪ್ಪಲಿ, ಆನೆ, ನೀವು ಏನು ತಿನ್ನುತ್ತಿದ್ದೀರೋ ಎಂಬ ಚಿಂತೆ, ಅವು ನಿಜ.

ಹೇಳಿಕೆಯನ್ನು ಬರೆದದ್ದು ಮಧ್ಯಾಹ್ನ, ಆಸ್ಪತ್ರೆಯಲ್ಲಿ, ಅವರ ಪ್ರಾಣ ಹೋದ ಮೇಲೆ. ಸಹಿ ಹೇಗೆ ಬಂತು ಎಂದರೆ, ಕುನ್‌ಮಿಂಗ್ ವಿಮಾನ ನಿಲ್ದಾಣದಲ್ಲಿ ನಾವು ಎಲ್ಲರ ಪಾಸ್‌ಪೋರ್ಟ್ ತೆಗೆದುಕೊಂಡು ಅವರ ಪರವಾಗಿ ಪ್ರವೇಶದ ಚೀಟಿ ತುಂಬುತ್ತೇವೆ. ಆಗ ಇಲ್ಲಿ ಒಂದು, ಇಲ್ಲಿ ಒಂದು ಎಂದು ಬೆರಳಿಟ್ಟು ತೋರಿಸುತ್ತೇವೆ. ವಯಸ್ಸಾದವರು ಬೆರಳಿಟ್ಟಲ್ಲಿ ಹಾಕುತ್ತಾ ಹೋಗುತ್ತಾರೆ. ಅದರಲ್ಲಿ ಒಂದು ಹಾಳೆ ಖಾಲಿ ಇರುತ್ತದೆ. ಅದು ವೀಸಾ ಕಾಗದ ಎಂದೇ ದೊಡ್ಡಮ್ಮ ನಂಬಿದ್ದರು. ಕಂಪನಿಯಿಂದ ಫೋನು ಬಂತು, ‘ಖಾಲಿ ಹಾಳೆ ಇದೆಯಲ್ಲ, ತುಂಬು’ ಎಂದರು, ತುಂಬಿದೆ. ನೀವು ಅದೇ ಕೈಬರಹ ಗುರುತಿಸಿ ನನಗೆ ಉಪಕಾರ ಎಂದು ಬರೆದಿರಿ. ಆ ಕಾಗದ ಓದಿದ ದಿನವೇ ನಾನು ನಿಜ ಹೇಳಬೇಕಿತ್ತು. ಹೇಳುವ ಎದೆಗಾರಿಕೆ ಇರಲಿಲ್ಲ.

ನನ್ನನ್ನು ದೊಡ್ಡಪ್ಪನಾಗಿ ಕ್ಷಮಿಸಬೇಡಿ. ದೂರು ಕೊಡಿ.

ದುವಾನ್ ಯಾಚಿನ್


ಚಿಂಗ್‌ಶು
೨೩ ಜನವರಿ ೨೦೧೫

ದುವಾನ್ ಯಾಚಿನ್ ಅವರಿಗೆ,

ನಿಮ್ಮ ಕಾಗದ ಹದಿನೈದರಂದು ತಲುಪಿತು. ಅಷ್ಟರೊಳಗೆ ನನ್ನದೂ ನಿಮಗೆ ತಲುಪಿರಬೇಕು. ದಾರಿಯಲ್ಲಿ ಎಲ್ಲೋ ಎರಡೂ ಎದುರುಬದುರಾಗಿ ಹಾದುಹೋಗಿವೆ.

ಮಿನ್‌ಗೆ ಎಲ್ಲವನ್ನೂ ತೋರಿಸಿದೆ, ಮೊದಲಿನಿಂದ. ನಿಂತುಕೊಂಡೇ ಓದಿದಳು. ಆಮೇಲೆ ಕೋಟು ಹಾಕಿಕೊಂಡು, ‘ನಡಿ’ ಎಂದಳು. ಹದಿನಾರರ ಬೆಳಿಗ್ಗೆ ಪ್ರವಾಸೋದ್ಯಮ ಕಚೇರಿಯ ಬಾಗಿಲು ತೆಗೆಯುವಾಗ ನಾವು ಅಲ್ಲಿದ್ದೆವು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ನಿಮ್ಮ ಕಾಗದಗಳನ್ನೆಲ್ಲ ಅವನ ಮುಂದಿಟ್ಟೆ. ಕಡೆಯದನ್ನು ಎರಡು ಸಲ ಓದಿದ, ಅವನ ಕಿವಿ ಕೆಂಪಾಯಿತು. ಕಂಪನಿಗೆ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ಅವರಿಂದ ಎರಡು ಕಾಗದ ಬಂದವು. ಒಂದು, ನಾನು ಒಂಬತ್ತರಂದು ಸಹಿ ಹಾಕಿದ್ದು. ಇನ್ನೊಂದು, ಹತ್ತರಂದು ನಿಮ್ಮನ್ನು ಕೆಲಸದಿಂದ ತೆಗೆದದ್ದು.

‘ತಾತ, ಈ ಹೆಂಗಸು ಹತ್ತನೇ ತಾರೀಖು ಕೆಲ್ಸ ಕಳ್ಕೊಂಡು ಹನ್ನೊಂದನೇ ತಾರೀಖು ಇದನ್ನ ಬರ್ದಿದಾಳೆ. ಸೇಡಿಗೆ ಬರ್ದದ್ದು ಅಂತಾರೆ ಅವ್ರು. ಜನವರಿ ಎರಡನೇ ತಾರೀಖು ಇವಳೇ “ಅವರೇ ಹೋದರು” ಅಂತ ನಿಮಗೆ ಬರ್ದಿದಾಳೆ. ಇವಳದ್ದು ಏನೂ ತಪ್ಪಿಲ್ಲ ಅಂತ ನಿಮ್ಮ ಕೈಯಲ್ಲೇ ನೀವು ಬರ್ಕೊಟ್ಟಿದೀರಿ. ನಾನು ಯಾವ್ದನ್ನ ಹಿಡ್ಕೊಂಡು ಹೋಗ್ಲಿ, ಹೇಳಿ?’ ಎಂದ. ಕಾಗದಗಳನ್ನು ಜೋಡಿಸಿ ನನ್ನ ಕಡೆಗೇ ತಳ್ಳಿದ. ಬೇಕಾದರೆ ನ್ಯಾಯಾಲಯಕ್ಕೆ ಹೋಗಿ ಎಂದ, ಅಲ್ಲೂ ಇದೇ ಪ್ರಶ್ನೆ ಕೇಳುತ್ತಾರೆ ಎಂದೂ ಹೇಳಿದ.

ನನಗೆ ಎಲ್ಲಾ ಈಗ ತಿಳಿಯುತ್ತದೆ. ನಾನು ಸಹಿ ಹಾಕುವ ತನಕ ಅವರಿಗೆ ನೀವು ಬೇಕಿತ್ತು. ಹಾಕಿದ ಮರುದಿನ ಬೇಡವಾದಿರಿ. ನಿಮ್ಮ ಮಗಳ ಅನ್ನ ಉಳಿಯಲಿ ಎಂದು ಹಾಕಿದ ಸಹಿಯೇ ನಿಮ್ಮ ಕೆಲಸ ತಿಂದಿತು. ಕೆಲಸ ಹೋದದ್ದನ್ನು ನಿಮ್ಮ ಕಾಗದದಲ್ಲಿ ಎಲ್ಲೂ ಹೇಳಿಲ್ಲ. ಮನಸ್ಸು ಚುಚ್ಚಿ ಬರೆದಿರೋ, ಅವರು ಹೊರಗೆ ಹಾಕಿದ್ದಕ್ಕೆ ಬರೆದಿರೋ, ನಾನು ಕೇಳುವುದಿಲ್ಲ. ನೀವು ಹೇಳಿದರೂ ನಂಬುವ ಶಕ್ತಿ ನನ್ನಲ್ಲಿಲ್ಲ. ಒಂದು ಸಲ ನಂಬಿ ಆಗಿದೆ.

ಮೂವತ್ತೈದನೆಯ ಕಲಮಿನ ವಿಷಯ. ೨೦೧೩ರಲ್ಲಿ ಆ ಕಾನೂನು ಬಂದಾಗ ಪೇಪರಿನಲ್ಲಿ ಪೂರ್ತಿ ಹಾಕಿದ್ದರು. ಅವಳು ಹಿಟ್ಟು ನಾದುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ‘ನಿನ್ನ ಕಾನೂನು ನಿನ್ನ ಕಟ್ಟಿಸಿದ ಹಲ್ಲಿನ ಹಾಗೆ. ನೋಡಕ್ಕೆ ಚೆನ್ನಾಗಿದೆ, ಅಗಿಯಕ್ಕೆ ಬರಲ್ಲ,’ ಎಂದು ಹಂಗಿಸಿದಳು. ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡಿದ್ದೆ. ಅಷ್ಟು ದೂರ ಹೊತ್ತುಕೊಂಡು ಹೋಗಿದ್ದಳು. ನನ್ನ ಮೇಲಿನ ಸಿಟ್ಟಿಗೆ ಹೋದಳು ಎಂದು ಮೂರು ತಿಂಗಳು ಬೆಂದೆ. ಅವಳು ನನ್ನನ್ನು ನಂಬಿ ಬಸ್ಸು ಇಳಿದಳು. ಯಾವುದು ಹೆಚ್ಚು ಸುಡುತ್ತದೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಓದು ಬಾರದ ಹೆಂಗಸು, ಇಪ್ಪತ್ತೇಳು ಜನ ಕೂಗಾಡಿದರೂ ಸುಳ್ಳಿಗೆ ಸಹಿ ಹಾಕಲಿಲ್ಲ.

ಕಚೇರಿಯಿಂದ ಬರುವಾಗ ಬಸ್ಸಿನಲ್ಲಿ ಮಿನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು.

‘ಅಪ್ಪ, ಕಂಪನಿಯೋರು ಸಹಿಗೆ ನಿಂಗೂ ಖಾಲಿ ಹಾಳೆ ಕೊಟ್ರಾ?’

‘ಇಲ್ಲ ಮಗಾ,’ ಎಂದೆ. ‘ಬರೆದದ್ದೇ ಕೊಟ್ರು. ಎರಡು ಸಲ ಓದಿದೆ.’

ಪಾಂಗ್ ದಲಿನ್